ಬಿಸಿಯಾದಂತೆ ಗುಂಡು ಮೇಲಕ್ಕೇರುವ ರೈಫಲ್: ಮರ ಕತ್ತರಿಸಿದ ಹಳೆಯ ಲೀ-ಎನ್‌ಫೀಲ್ಡ್‌ನಲ್ಲಿ ದೋಷ ಹುಡುಕುವ ಕ್ರಮ

ಮೊದಲ ಮೂರು ಗುಂಡುಗಳು ಚಹಾದ ಬಸಿಯಷ್ಟು ಜಾಗದಲ್ಲಿ ಬಿದ್ದವು. ನಾಲ್ಕನೆಯದು ನಾಲ್ಕು ಬೆರಳು ಮೇಲೆ. ಐದನೆಯದು ಒಂದು ಗೇಣು ಮೇಲೆ, ತುಸು ಎಡಕ್ಕೆ. ಅರ್ಧ ಗಂಟೆ ಆರಲು ಬಿಟ್ಟು ಮತ್ತೆ ಹಾರಿಸಿದರೆ ಮತ್ತೆ ಅದೇ ಕಥೆ: ಮೂರು ಬಸಿಯೊಳಗೆ, ಎರಡು ಆಚೆ. ‘ನಳಿಗೆ ಸವೆದು ಹೋಗಿದೆಯಪ್ಪಾ, ಇದನ್ನು ಠಾಣೆಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತೇನೆ’ ಎಂದರು ಕಾಕಾ.

ಸವೆದ ನಳಿಗೆ ಹಾಗೆ ಮಾಡುವುದಿಲ್ಲ. ಅದು ಮೊದಲ ಗುಂಡಿನಿಂದಲೇ ಎಲ್ಲೆಂದರಲ್ಲಿ ಎಸೆಯುತ್ತದೆ. ತಣ್ಣಗಿರುವಾಗ ಒಪ್ಪವಾಗಿ ಹೊಡೆದು, ಬಿಸಿಯೇರಿದಂತೆ ಪ್ರತಿ ಸಲವೂ ಒಂದೇ ದಿಕ್ಕಿಗೆ ಹೊರಡುವ ರೈಫಲಿನ ದೋಷ ಹೆಚ್ಚಾಗಿ ಉಕ್ಕಿನಲ್ಲಿರುವುದಿಲ್ಲ, ನಳಿಗೆಯನ್ನು ಹಿಡಿದಿರುವ ಮರದಲ್ಲಿರುತ್ತದೆ. ಇಷ್ಟು ತಿಳಿಯದೆ ಎಷ್ಟೋ ಒಳ್ಳೆಯ ನಳಿಗೆಗಳು ಗುಜರಿಗೆ ಹೋಗಿವೆ. ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಾನು ಸೇನೆಯ ವರ್ಕ್‌ಶಾಪಿನಲ್ಲಿ ಆರ್ಮರರ್, ಅಂದರೆ ಆಯುಧಗಳ ದುರಸ್ತಿಗಾರ, ಆಗಿದ್ದವನು. ಊರು ಧಾರವಾಡದ ಕಡೆ. ನಿವೃತ್ತಿಯಾದ ಮೇಲೆ ಪುಣೆಯ ಖಡಕಿಯಲ್ಲೇ ಉಳಿದೆ. ಪರವಾನಗಿ ಇರುವ ಒಬ್ಬ ಕೋವಿ ದುರಸ್ತಿಗಾರರ ಅಂಗಡಿಯಲ್ಲಿ ವಾರಕ್ಕೆ ಎರಡು ದಿನ ಕುಳಿತು ಹಳೆಯ ರೈಫಲ್‌ಗಳ ತಪಾಸಣೆ ಮಾಡುತ್ತೇನೆ. ಕಾಕಾ ಹಾವೇರಿಯವರು, ಕೊಥ್ರೂಡ್‌ನಲ್ಲಿ ನೆಲೆಸಿ ನಲವತ್ತು ವರ್ಷ ಕಳೆದಿವೆ. ರೈಫಲ್ ಅವರ ತಂದೆಯ ಕಾಲದ್ದು: ಬಂಗಾಳದ ಇಶಾಪುರದಲ್ಲಿ ತಯಾರಾದ, ಬ್ರಿಟಿಷ್ ವಿನ್ಯಾಸದ ಸೇನೆಯ ಲೀ-ಎನ್‌ಫೀಲ್ಡ್ ಬಾಡಿ (ನಳಿಗೆ ಬಂದು ಸೇರುವ ಉಕ್ಕಿನ ನಡುಭಾಗ), ಅದಕ್ಕೆ .315 (ಅಂಗುಲದಲ್ಲಿ ಒಳವ್ಯಾಸ) ನಳಿಗೆ, ಅರ್ಧಕ್ಕೆ ಕತ್ತರಿಸಿದ ಮುಂದಿನ ಮರ. ಬೇಟೆಗೆಂದು ಮಾಡಿಸಿದ್ದು. 1972ರ ವನ್ಯಜೀವಿ ಕಾಯ್ದೆಯ ಬಳಿಕ ಅದಕ್ಕೆ ಗುರಿಫಲಕವೇ ಗತಿ.

ಇಂಥ ರೈಫಲ್‌ಗಳು ಜಗತ್ತಿನಾದ್ಯಂತ ಇವೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಗಳಿಗೆ ಬೇಡವಾದ ಮೌಸರ್, ಎನ್‌ಫೀಲ್ಡ್, ಸ್ಪ್ರಿಂಗ್‌ಫೀಲ್ಡ್‌ಗಳು ರಾಶಿ ರಾಶಿಯಾಗಿ ಮಾರಾಟವಾದವು. ಅಮೆರಿಕದಲ್ಲಿ ಅಂಚೆಯ ಮೂಲಕವೇ ತರಿಸಿಕೊಳ್ಳಬಹುದಿತ್ತು. 1968ರ ಕಾಯ್ದೆ ಆ ಬಾಗಿಲನ್ನು ಮುಚ್ಚಿತು. ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್-ಹೇಲ್ ಕಂಪನಿ ಎನ್‌ಫೀಲ್ಡ್‌ಗಳನ್ನು ಬೇಟೆಯ ರೈಫಲ್‌ಗಳಾಗಿ ಮಾರ್ಪಡಿಸಿ ಮಾರಿತು. ಕಂಪನಿಗಳು ಮಾಡಿದ್ದಕ್ಕಿಂತ ಹೆಚ್ಚಿನದನ್ನು ಜನ ಮನೆಯಲ್ಲಿ ಗರಗಸ ಹಿಡಿದು ಮಾಡಿದರು. ನಮ್ಮಲ್ಲಿ .303 ನಿಷೇಧಿತ ಬೋರ್ (ನಳಿಗೆಯ ಅಳತೆ) ಆದ್ದರಿಂದ ನಾಗರಿಕರ ಕೈಗೆ ಬಂದದ್ದು .315, ಅಂದರೆ ಆಸ್ಟ್ರಿಯಾದ ಹಳೆಯ 8×50 ಮಿ.ಮೀ. ಮ್ಯಾನ್‌ಲಿಕರ್ ಕಾಡತೂಸು. ಇಶಾಪುರದ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಕೂಡ ಲೀ-ಎನ್‌ಫೀಲ್ಡ್ ವಿನ್ಯಾಸದ್ದೇ. ಹಾಗಾಗಿ ಇಲ್ಲಿ ಹೇಳುವ ಬಹುಪಾಲು ಮಾತು ಅದಕ್ಕೂ ಅನ್ವಯಿಸುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೋಷವನ್ನು ಗುರುತಿಸುವುದು ಮಾಲೀಕನ ಕೆಲಸ, ಸರಿಪಡಿಸುವುದು ಪರವಾನಗಿ ಇರುವವರ ಕೆಲಸ. 1959ರ ಶಸ್ತ್ರ ಕಾಯ್ದೆಯ 5ನೇ ಕಲಂ ದುರಸ್ತಿಗೂ ಪರವಾನಗಿ ಬೇಕೆನ್ನುತ್ತದೆ. ನೀವು ನೋಡಿ, ಮುಟ್ಟಿ, ಅಳೆದು, ಬರೆದಿಟ್ಟುಕೊಂಡು ಹೋದರೆ ದುರಸ್ತಿಗಾರನ ಅರ್ಧ ಕೆಲಸ ಮುಗಿದಂತೆ.

ಬಿಚ್ಚುವ ಮೊದಲು

ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ (ಹಿಡಿಯಿರುವ, ಹಿಂದೆ-ಮುಂದೆ ಸರಿಯುವ ಉಕ್ಕಿನ ದಂಡ) ಹೊರಗೆ ಎಳೆಯಿರಿ, ಕಾಡತೂಸು ಕೂರುವ ಚೇಂಬರಿನೊಳಗೆ ಕಿರುಬೆರಳು ಹಾಕಿ ನೋಡಿ. ಕಣ್ಣು ಮೋಸ ಹೋಗಬಹುದು, ಬೆರಳು ಹೋಗುವುದಿಲ್ಲ. ಕಾಡತೂಸುಗಳು ಬೇರೆ ಕೋಣೆಯಲ್ಲಿರಲಿ.

ಆಮೇಲೆ ಲೋಹದ ಮೇಲಿನ ಗುರುತುಗಳನ್ನು ಓದಿ. ಬೋಲ್ಟಿನ ಹಿಡಿಯ ಬುಡದಲ್ಲಿರುವ ಸಂಖ್ಯೆಯೂ ಬಾಡಿಯ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು. ಲೀ-ಎನ್‌ಫೀಲ್ಡ್‌ನಲ್ಲಿ ಬೋಲ್ಟ್ ಹಿಂಭಾಗದಲ್ಲಿ ಬಿಗಿಯುತ್ತದೆ. ಒಂದೊಂದು ಬೋಲ್ಟನ್ನೂ ಅದರದೇ ಬಾಡಿಗೆ ಹೊಂದಿಸಿ ಕೂರಿಸಿರುತ್ತಾರೆ. ಸಂಖ್ಯೆ ಬೇರೆಯಾಗಿದ್ದರೆ ಗೇಜ್ ಹಾಕಿ ಪರೀಕ್ಷಿಸದೆ ಒಂದು ಗುಂಡನ್ನೂ ಹಾರಿಸಕೂಡದು. ಎಲ್ಲಿಯಾದರೂ ‘ಡಿ.ಪಿ.’ ಎಂಬ ಎರಡು ಅಕ್ಷರಗಳು ಕಂಡರೆ ತಪಾಸಣೆ ಅಲ್ಲಿಗೇ ಮುಗಿಯಿತು. ಅದು ಕವಾಯತಿಗೆ ಮಾತ್ರ ಇಟ್ಟ ರೈಫಲಿನ ಭಾಗ. ಎಷ್ಟೇ ಹೊಳಪಾಗಿ ಕಂಡರೂ ಹಾರಿಸುವಂತಿಲ್ಲ.

ಬಾಡಿಯ ಮೇಲಿನ ಬರಹವನ್ನು ನೋಡಿ ಕಾಡತೂಸು ಆರಿಸಬೇಡಿ. ಬಾಡಿ .303ರ ಕಾಲದ್ದಾಗಿರುತ್ತದೆ, ನಳಿಗೆ .315ರದ್ದಾಗಿರುತ್ತದೆ. ನಳಿಗೆಯ ಮೇಲೆ ಏನೂ ಬರೆದಿಲ್ಲದಿದ್ದರೆ ಚೇಂಬರಿನ ಅಚ್ಚು ತೆಗೆಸಿ ಅಳೆಸಬೇಕು. .303ರ ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ಕಾಡತೂಸಿನ ಅಂಚು ಆನುವ ಜಾಗಕ್ಕೂ ನಡುವಿನ ಅಂತರ) ಗೇಜನ್ನು .315 ಚೇಂಬರಿಗೆ ಹಾಕಿ ‘ಸರಿಯಾಗಿದೆ’ ಎಂದು ಬರೆದುಕೊಟ್ಟ ಚೀಟಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಕಾಡತೂಸುಗಳ ತಳದ ಅಂಚಿನ ದಪ್ಪವೇ ಬೇರೆ. ಆ ಚೀಟಿಗೆ ಯಾವ ಅರ್ಥವೂ ಇರಲಿಲ್ಲ.

ಕಾಡತೂಸನ್ನು ಪಕ್ಕಕ್ಕಿಡಿ

ಪರವಾನಗಿಯಲ್ಲಿ ಇಷ್ಟೇ ಕಾಡತೂಸು ಎಂಬ ಮಿತಿ ಇರುವುದರಿಂದ ನಮ್ಮವರು ಒಂದೊಂದನ್ನೂ ಜೋಪಾನ ಮಾಡುತ್ತಾರೆ. ಅದರ ಫಲವಾಗಿ ಒಂದೇ ಡಬ್ಬಿಯಲ್ಲಿ ನಾಲ್ಕು ವರ್ಷಗಳ, ಎರಡು ಕಾರ್ಖಾನೆಗಳ ಮಾಲು ಸೇರಿಕೊಳ್ಳುತ್ತದೆ. ತಳದ ಗುರುತನ್ನು ಓದಿ ವಿಂಗಡಿಸಿ. ಕೆ.ಎಫ್. ಎಂದರೆ ನಮ್ಮ ಖಡಕಿಯದು, 1869ರಲ್ಲಿ ಆರಂಭವಾದ ಕಾರ್ಖಾನೆ. ಪರೀಕ್ಷೆಗೆ ಒಂದೇ ಪೆಟ್ಟಿಗೆಯ, ಒಂದೇ ವರ್ಷದ ಹತ್ತು ಕಾಡತೂಸು ಸಾಕು. ಹಿತ್ತಾಳೆಯ ಮೇಲೆ ಹಸಿರು ಪುಡಿ ಹಿಡಿದದ್ದನ್ನು, ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕು ಕಂಡದ್ದನ್ನು ಬೇರೆಯಿಡಿ.

ಕಾಕಾ ತಂದದ್ದು ಒಂದೇ ಪೆಟ್ಟಿಗೆಯ ಮಾಲು. ಗುಂಡುಗಳು ಬಿದ್ದ ರೀತಿಯೂ ಪ್ರತಿ ಸಲ ಒಂದೇ. ಕಾಡತೂಸಿನ ದೋಷವಾಗಿದ್ದರೆ ಮೂರನೆಯದೇ ಮೇಲಕ್ಕೆ ಹೋಗಬಹುದಿತ್ತು, ಐದನೆಯದು ಕೆಳಗಿಳಿಯಬಹುದಿತ್ತು. ಅದಕ್ಕೆ ಸರತಿಯ ಲೆಕ್ಕ ಇರುವುದಿಲ್ಲ.

ಮರ

ಇಲ್ಲಿ ನಿಧಾನವಾಗಿ ನಡೆಯಬೇಕು.

1907ರಲ್ಲಿ ಬಂದ ಮಾರ್ಕ್ 3 ಎನ್‌ಫೀಲ್ಡ್‌ನ ನಳಿಗೆ 25.2 ಅಂಗುಲ ಉದ್ದ, ತೆಳು. ಆ ತೆಳು ನಳಿಗೆ ಒಂಟಿಯಾಗಿ ನಿಲ್ಲಲಿ ಎಂದು ಯಾರೂ ಯೋಜಿಸಿರಲಿಲ್ಲ. ಮೂತಿಯವರೆಗೂ ಮರ, ತುದಿಯಲ್ಲಿ ಭಾರವಾದ ನೋಸ್‌ಕ್ಯಾಪ್. ಮೂತಿಯ ಹತ್ತಿರ ಮರದೊಳಗೆ ಒಂದು ಚಿಕ್ಕ ಸ್ಪ್ರಿಂಗ್, ಅದರ ಮೇಲೊಂದು ಗುಂಡಿ. ಅದು ನಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ನಡುವೆ ಒಂದು ಒಳಪಟ್ಟಿ ನಳಿಗೆಯನ್ನು ಮರದ ಕಡೆಗೆ ಎಳೆದು ಹಿಡಿಯುತ್ತದೆ. ಗುಂಡು ಹಾರುವಾಗ ನಳಿಗೆ ಕೊರಡಿನಂತೆ ನಿಲ್ಲುವುದಿಲ್ಲ, ತಂತಿಯಂತೆ ಕಂಪಿಸುತ್ತದೆ. ಈ ಒತ್ತುವ-ಎಳೆಯುವ ಏರ್ಪಾಡು ಆ ಕಂಪನವನ್ನು ಪ್ರತಿ ಗುಂಡಿಗೂ ಒಂದೇ ಬಗೆಯಲ್ಲಿ ಹಿಡಿದಿಡುತ್ತದೆ. ಬೇಟೆಗೆ ಹಗುರವಾಗಲಿ ಎಂದು ಮರವನ್ನು ಅರ್ಧಕ್ಕೆ ಕತ್ತರಿಸಿ, ನೋಸ್‌ಕ್ಯಾಪ್ ಬಿಸಾಡಿದವರು ಬಿಸಾಡಿದ್ದು ಈ ಏರ್ಪಾಡನ್ನು. ಮುನ್ನೂರು ಗ್ರಾಮ್ ಉಳಿಸಲು ಹೋಗಿ ರೈಫಲಿನ ಬುದ್ಧಿಯನ್ನೇ ತೆಗೆದರು ಎಂದರೆ ತಪ್ಪಲ್ಲ. ಹೊಸ ನಳಿಗೆ ಹಾಕಿದಾಗಲೂ ಬಹಳ ಮಂದಿ ಹಳೆಯ ಕತ್ತರಿಸಿದ ಮರದಲ್ಲೇ ಕೂರಿಸಿಬಿಟ್ಟರು. ಉಳಿದ ಮೋಟು ಮರ ಈಗ ನಳಿಗೆಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗದೆ, ಎಲ್ಲಿ ತಾಗಬಾರದೋ ಅಲ್ಲಿ ತಾಗಿ ಕುಳಿತಿರುತ್ತದೆ.

ಮೊದಲ ಪರೀಕ್ಷೆ ಸುಲಭ. ಹೊಸದೊಂದು ಹತ್ತು ರೂಪಾಯಿ ನೋಟನ್ನು ನಳಿಗೆಗೂ ಮರಕ್ಕೂ ನಡುವೆ ಸಿಕ್ಕಿಸಿ, ಎರಡೂ ತುದಿ ಹಿಡಿದು ಮೂತಿಯಿಂದ ಹಿಂದಕ್ಕೆ ಎಳೆಯುತ್ತಾ ಬನ್ನಿ. ಎಲ್ಲಿ ತಡೆಯುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕಾಕಾನ ರೈಫಲಿನಲ್ಲಿ ನೋಟು ಒಂದು ಹೆಬ್ಬೆರಳಿನಷ್ಟು ದೂರ ಕೂಡ ಸರಿಯಲಿಲ್ಲ, ಎಡಗಡೆ ಕಚ್ಚಿಕೊಂಡಿತು.

ನೋಟು ಜಾಗ ತೋರಿಸುತ್ತದೆ, ಎಷ್ಟು ಒತ್ತಿದೆ ಎಂಬುದನ್ನು ತೋರಿಸುವುದಿಲ್ಲ. ಅದಕ್ಕೆ ಕಾಡಿಗೆ ಬೇಕು. ವರ್ಕ್‌ಶಾಪಿನಲ್ಲಿ ನೀಲಿ ಬಣ್ಣ ಬಳಸುತ್ತಿದ್ದೆವು. ಮನೆಯಲ್ಲಿ ದೀಪದ ಮಸಿಯನ್ನು ಎರಡು ತೊಟ್ಟು ಹರಳೆಣ್ಣೆಯಲ್ಲಿ ಕಲಸಿದರೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಳಿಗೆಯ ಕೆಳಮೈಗೂ ಬಾಡಿಯ ತಳಕ್ಕೂ ತೆಳ್ಳಗೆ, ಬೆರಳಚ್ಚಿನಷ್ಟೇ ಸವರಿ, ಮರವನ್ನು ಕೂರಿಸಿ, ಸ್ಕ್ರೂ ಬಿಗಿದು, ಮತ್ತೆ ಬಿಚ್ಚಿ. ಮರದ ಮೇಲೆ ಕಪ್ಪಾದಲ್ಲೆಲ್ಲ ಲೋಹ ತಾಗಿದೆ. ಒಳ್ಳೆಯ ಮರದಲ್ಲಿ ಬಾಡಿಯ ಕೆಳಗೆ ಎರಡೂ ಬದಿಗೆ ಸಮನಾದ ಕಪ್ಪು, ನಳಿಗೆಯ ಬುಡದಲ್ಲಿ ಸ್ವಲ್ಪ, ಮುಂದೆ ಏನೂ ಇಲ್ಲ. ಅಥವಾ ತುದಿಯಲ್ಲಿ ಮಾತ್ರ ಒಂದು ಸಮನಾದ ಪಟ್ಟಿ. ಕಾಕಾನ ಮರದಲ್ಲಿ ಮುಂದೆ ಎಡಗಡೆ ಹುಣಸೆ ಬೀಜದಷ್ಟು ಕಡುಗಪ್ಪು ಚುಕ್ಕೆ, ಬಾಡಿಯ ಕೆಳಗೆ ಬಲಗಡೆ ಏನೇನೂ ಇಲ್ಲ.

ಆ ‘ಏನೇನೂ ಇಲ್ಲ’ ಎಂಬುದೇ ನನ್ನನ್ನು ಹಿಂದಕ್ಕೆ ಕರೆದೊಯ್ದದ್ದು. ಮ್ಯಾಗಜಿನ್ನಿನ ಹಿಂದೆ, ಟ್ರಿಗರಿನ ಮುಂದೆ, ಮರದ ಒಳಮೈಯಲ್ಲಿ ಎಡಬಲಕ್ಕೆ ಎರಡು ಪುಟ್ಟ ಮುಖಗಳಿವೆ. ಇಂಗ್ಲಿಷಿನ ಆರ್ಮರರ್‌ಗಳು ಡ್ರಾಸ್ ಎನ್ನುತ್ತಾರೆ, ನಾನು ಆನಿಕೆ ಎನ್ನುತ್ತೇನೆ. ಗುಂಡು ಹಾರಿದಾಗ ಬಾಡಿ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಮುಂದಿನ ಮರ ತಾಳಿಕೊಳ್ಳುವುದು ಹೆಬ್ಬೆರಳ ಉಗುರಿನಷ್ಟು ಅಗಲದ ಈ ಎರಡು ಮುಖಗಳಲ್ಲಿ. ಎರಡೂ ಒಟ್ಟಿಗೆ ತಾಗಬೇಕು. ಒಂದು ಜಜ್ಜಿ ಹೋದರೆ ಬಾಡಿ ಪ್ರತಿ ಹೊಡೆತಕ್ಕೂ ಒಂದು ಬದಿಗೆ ತಿರುಗಲು ನೋಡುತ್ತದೆ. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯವರು ತಮ್ಮ ಮರ ಮೆತ್ತಗೆಂದು ಈ ಜಾಗಕ್ಕೆ ತಾಮ್ರದ ತಗಡು ಕೂರಿಸುತ್ತಿದ್ದರು. ಇಲ್ಲಿ ತೊಂದರೆ ಎಷ್ಟು ಸಾಮಾನ್ಯ ಎಂಬುದಕ್ಕೆ ಅದೇ ಸಾಕ್ಷಿ.

ಕಾಕಾನ ಬಲ ಆನಿಕೆಯನ್ನು ಬೆರಳ ಉಗುರಿನಿಂದ ಒತ್ತಿದೆ. ನೆನೆದ ಕಡಲೆಯ ಸಿಪ್ಪೆಯಂತೆ ತಗ್ಗಿತು. ಮರ ಕಪ್ಪಾಗಿ, ಎಣ್ಣೆ ಕುಡಿದು, ಎಳೆಯೆಳೆಯಾಗಿತ್ತು. ಐವತ್ತು ವರ್ಷ ಪ್ರತಿ ದಸರೆಗೆ ಆಯುಧಪೂಜೆಯ ಮುನ್ನಾದಿನ ಮನೆಯವರು ಭಕ್ತಿಯಿಂದ ಎಣ್ಣೆ ಹಾಕಿ, ರೈಫಲನ್ನು ಬಟ್ (ಹೆಗಲಿಗೆ ಆನಿಸುವ ಹಿಂದಿನ ಮರ) ಕೆಳಗೆ ಮಾಡಿ ಗೋಡೆಗೆ ಒರಗಿಸಿ ಇಟ್ಟಿದ್ದರು. ನಳಿಗೆಯ ಎಣ್ಣೆಯೆಲ್ಲ ಇಳಿದು ಬಂದು ನಿಂತದ್ದು ಅಲ್ಲೇ. ಎಣ್ಣೆ ಹಾಕಿದ ಮೇಲೆ ಒಣ ಚಿಂದಿ ಎಳೆದು ಒರೆಸಿ, ಮೂತಿ ಕೆಳಗೆ ಮಾಡಿ ಒಂದು ದಿನ ನಿಲ್ಲಿಸಿ. ಖರ್ಚಿಲ್ಲದ ಕೆಲಸ.

ಇನ್ನು ಸ್ಕ್ರೂ. ಟ್ರಿಗರ್ ಗಾರ್ಡಿನ ಮುಂದಿನ ದೊಡ್ಡ ಸ್ಕ್ರೂ ಬಿಗಿಯಾಗಿದೆ, ಹಾಗಾಗಿ ಮರವೂ ಬಿಗಿಯಾಗಿದೆ ಎಂದುಕೊಳ್ಳುವವರೇ ಹೆಚ್ಚು. ಆ ಸ್ಕ್ರೂ ಒಂದು ಉಕ್ಕಿನ ಕೊಳವೆಯೊಳಗೆ ಹಾದು ಹೋಗುತ್ತದೆ. ಮಿತಿಮೀರಿ ಬಿಗಿದು ಮರ ಜಜ್ಜಿ ಹೋಗದಿರಲಿ ಎಂದು ಇಟ್ಟ ಕೊಳವೆ ಅದು. ದಶಕಗಳಲ್ಲಿ ಮರ ಒಣಗಿ ಕುಗ್ಗಿದರೆ ಸ್ಕ್ರೂ ಕೊಳವೆಯನ್ನು ಕಚ್ಚಿ ನಿಲ್ಲುತ್ತದೆ, ಮರಕ್ಕೆ ಬಿಗಿ ಸಿಗುವುದೇ ಇಲ್ಲ. ಕಂಡುಹಿಡಿಯುವುದು ಹೀಗೆ: ಸ್ಕ್ರೂ ಬಿಗಿದ ಮೇಲೆ ಬಟ್ ಅನ್ನು ಕಂಕುಳಲ್ಲಿ ಇರುಕಿಕೊಂಡು, ಮುಂದಿನ ಮರವನ್ನು ಕೈಯಿಂದ ಹಿಂದೆ-ಮುಂದೆ ದೂಡಿ, ಬಾಡಿಗೂ ಮರಕ್ಕೂ ಸೇರುವ ಗೆರೆಯ ಮೇಲೆ ಇನ್ನೊಂದು ಕೈಯ ತೋರುಬೆರಳು ಇಟ್ಟಿರಿ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ತಿಳಿಯುತ್ತದೆ. ಕಾಕಾನ ಬೆರಳನ್ನೇ ಇಡಿಸಿದೆ. ‘ಅಲುಗುತ್ತಿದೆಯಲ್ಲೋ!’ ಎಂದರು.

ಮರ ಬಿಚ್ಚುವಾಗ ಒಂದು ಎಚ್ಚರ, ದಯವಿಟ್ಟು ನೆನಪಿಡಿ. ಈ ಮಾದರಿಯಲ್ಲಿ ಮೊದಲು ಮುಂದಿನ ಮರ ತೆಗೆಯಬೇಕು, ಆಮೇಲೆ ಮಾತ್ರ ಬಟ್. ಬಟ್ ಒಳಗಿನ ಉದ್ದ ಬೋಲ್ಟಿನ ತುದಿ ಚೌಕಾಕಾರದ್ದು. ಅದು ಮುಂದಿನ ಮರದ ಹಿಂಭಾಗದಲ್ಲಿರುವ ತಗಡಿನೊಳಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಇದ್ದಂತೆಯೇ ಬಟ್ ಬೋಲ್ಟನ್ನು ತಿರುಗಿಸಿದರೆ ಆ ಚೌಕ ತಿರುಗಿ ಮರವನ್ನು ಸೀಳುತ್ತದೆ. ನನ್ನ ಮೇಜಿಗೆ ಬಂದ ಮನೆಕೆಲಸದ ಎನ್‌ಫೀಲ್ಡ್‌ಗಳಲ್ಲಿ ಈ ಸೀಳು ಪದೇ ಪದೇ ಕಂಡಿದೆ. ಮೇಲೆ ಪಾಲಿಶ್ ಬಳಿದು ಮುಚ್ಚಿರುತ್ತಾರೆ. ಟಾರ್ಚ್ ಬೆಳಕನ್ನು ಅಡ್ಡಲಾಗಿ ಹಾಯಿಸಿದರೆ ಗೆರೆ ಎದ್ದು ಕಾಣುತ್ತದೆ.

ಮರವೇ ಕಾರಣ ಎಂದು ಖಚಿತಪಡಿಸಿಕೊಳ್ಳಲು ಏನನ್ನೂ ಕೊರೆಯಬೇಕಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟಿನ ತುಂಡನ್ನು ಮುಂದಿನ ಮರದ ತುದಿಯಲ್ಲಿ, ನಳಿಗೆಯ ಕೆಳಗೆ, ಸರಿಯಾಗಿ ನಡುವೆ ಇಟ್ಟು ಮರ ಬಿಗಿಯಿರಿ. ಅನುಮತಿ ಇರುವ ರೇಂಜಿನಲ್ಲಿ ಐದು ಗುಂಡು ಹಾರಿಸಿ. ಆರಿಸಿ, ರಟ್ಟು ತೆಗೆದು ಮತ್ತೆ ಐದು. ಗುಂಪಿನ ಆಕಾರ ಬದಲಾದರೆ ದೋಷ ಮರದ್ದು; ಎರಡೂ ಸಲ ಒಂದೇ ರೀತಿ ಚದುರಿದರೆ ಮರವನ್ನು ಬಿಟ್ಟು ಮುಂದೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ದಿನ ಗುರಿ ಹಿಡಿಯುವ ಸೈಟನ್ನೂ ತಿರುಗಿಸಿ, ಕಾಡತೂಸನ್ನೂ ಬದಲಿಸಿದವರಿಗೆ ಏನೂ ತಿಳಿಯುವುದಿಲ್ಲ. ಹತ್ತು ಕಾಡತೂಸು ಮಾತ್ರ ಖರ್ಚಾಗುತ್ತದೆ. ಕಾಕಾನ ರೈಫಲ್ ರಟ್ಟಿನೊಂದಿಗೆ ಐದನ್ನೂ ಒಂದೂವರೆ ಬಸಿಯೊಳಗೆ ಹಾಕಿತು.

ಪುಣೆಯ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್‌ನಲ್ಲಿ ಸಲೀಸಾಗಿ ಹಾಯುವ ನೋಟು ಆಗಸ್ಟ್‌ನಲ್ಲಿ ಸಿಕ್ಕಿಕೊಳ್ಳಬಹುದು. ಗರಗಸ ಹಾಕಿದ ತುದಿಗೆ ಎಣ್ಣೆಯನ್ನಾಗಲಿ ಪಾಲಿಶ್ ಅನ್ನಾಗಲಿ ಹಚ್ಚದೆ ಬಿಟ್ಟಿದ್ದರೆ ಅಡ್ಡ ಕೊಯ್ದ ಮರದ ರಂಧ್ರಗಳು ತೇವವನ್ನು ಹೀರುತ್ತವೆ. ಮುಂಬೈ, ಗೋವಾಗಳಲ್ಲಿ ಇದು ಇನ್ನೂ ಹೆಚ್ಚು. ಎರಡೂ ಋತುಗಳಲ್ಲಿ ನೋಟಿನ ಪರೀಕ್ಷೆ ಮಾಡಿ, ತಾರೀಕು ಹಾಕಿ ಬರೆದಿಡಿ.

ಬೇರೆ ಲಕ್ಷಣಗಳು

ಗುಂಡು ಬಸಿಯಷ್ಟೇ ಜಾಗದಲ್ಲಿ ಬೀಳುತ್ತದೆ, ಆದರೆ ಆ ಬಸಿ ದಿನಕ್ಕೊಂದು ಕಡೆ ಇರುತ್ತದೆ ಎಂದರೆ ಸೈಟ್ ನೋಡಿ. ಬೆಸುಗೆ ಹಾಕಿದ ಮುಂದಿನ ಸೈಟ್ ಸಡಿಲವಾಗಿರಬಹುದು. ದೂರದರ್ಶಕಕ್ಕೆಂದು ಬಾಡಿಯಲ್ಲಿ ಕೊರೆದ ತೂತುಗಳು ಓರೆಯಾಗಿರಬಹುದು, ಸ್ಕ್ರೂ ಉದ್ದವಾಗಿ ಬೋಲ್ಟಿಗೆ ತಾಗುತ್ತಿರಬಹುದು. ಬೋಲ್ಟಿನ ಮೈಮೇಲೆ ಹೊಸ ಗೀರು ಇದ್ದರೆ ಕಾರಣ ಅದೇ.

ಕಾಡತೂಸು ಸಿಡಿಯದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡು ಎಣಿಸಿ, ಆಮೇಲೆ ಬೋಲ್ಟ್ ತೆರೆಯಿರಿ. ಕಾಡತೂಸಿನ ತಳದಲ್ಲಿ ಕಿಡಿ ಕೊಡುವ ಪ್ರೈಮರಿನ ಮೇಲಿನ ಕುಳಿ ಆಳವಿಲ್ಲದೆ ಇದ್ದರೆ ಬೋಲ್ಟಿನೊಳಗೆ ಹಳೆಯ ಗ್ರೀಸ್ ಗಟ್ಟಿಯಾಗಿ, ಪ್ರೈಮರನ್ನು ಹೊಡೆಯುವ ಸ್ಟ್ರೈಕರನ್ನು ತಡೆಯುತ್ತಿರುವ ಸಂಭವ ಹೆಚ್ಚು. ಸ್ಪ್ರಿಂಗ್ ದಣಿದಿರುವುದು ಅದರ ನಂತರದ ಅನುಮಾನ.

ಖಾಲಿ ಹಿತ್ತಾಳೆಯನ್ನು ಎಸೆಯಬೇಡಿ. ತಳದಿಂದ ಅರ್ಧ ಬೆರಳು ಮೇಲೆ ಹೊಳೆಯುವ ಬಳೆಯಂಥ ಗೆರೆ ಇದೆಯೇ ನೋಡಿ. ಒಂದು ಕಾಗದದ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಚೂಪಾಗಿ ಮಡಚಿ, ಬಾಯಿಯಿಂದ ಒಳಗಿಳಿಸಿ ಗೋಡೆಗುಂಟ ಮೇಲಕ್ಕೆಳೆಯಿರಿ. ಗೆರೆಯ ಜಾಗದಲ್ಲಿ ತುದಿ ತೋಡಿಗೆ ಸಿಕ್ಕಿ ಟಕ್ ಎಂದರೆ ಹಿತ್ತಾಳೆ ಅಲ್ಲಿ ಹರಿಯಲು ಸಿದ್ಧವಾಗಿದೆ, ಹೆಡ್‌ಸ್ಪೇಸ್ ಮಿತಿ ಮೀರಿರಬಹುದು. ಆ ರೈಫಲನ್ನು ಗೇಜ್ ಹಾಕಿಸದೆ ಮತ್ತೆ ಹಾರಿಸಬೇಡಿ. ಮೌಸರ್ ಆಗಿದ್ದರೆ ಬೋಲ್ಟಿನ ಹಿಡಿಯನ್ನು ದೂರದರ್ಶಕಕ್ಕಾಗಿ ಬಗ್ಗಿಸಿದ್ದಾರೆಯೇ ಎಂದು ಕೇಳಿ. ಗ್ಯಾಸ್ ಬೆಂಕಿಯಲ್ಲಿ ಅಜಾಗರೂಕವಾಗಿ ಕಾಯಿಸಿ ಬಗ್ಗಿಸಿದರೆ ಬೋಲ್ಟಿನ ಉಕ್ಕು ಮೆತ್ತಗಾಗುತ್ತದೆ. ನೀಲಿ, ಹುಲ್ಲುಹಳದಿ ಬಣ್ಣಗಳು ಹಿಡಿಯಿಂದ ಬೋಲ್ಟಿನ ಕಡೆಗೆ ಹರಿದಿದ್ದರೆ ಅದೇ ಸುಳಿವು.

ಟ್ರಿಗರ್ ಹಗುರವಾಗಲಿ ಎಂದು ಸಿಯರ್ (ಸ್ಟ್ರೈಕರನ್ನು ತಡೆದು ಹಿಡಿಯುವ ಕೊಂಡಿ) ಉಜ್ಜಿದ ರೈಫಲ್ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ಲೀ-ಎನ್‌ಫೀಲ್ಡ್‌ನ ಟ್ರಿಗರಿಗೆ ಎರಡು ಹಂತ ಇರಬೇಕು. ಮೊದಲ ಹಂತವೇ ಇಲ್ಲವೆಂದರೆ ಯಾರೋ ಅರ ಹಿಡಿದಿದ್ದಾರೆ. ಖಾಲಿ ರೈಫಲಿನ ಬೋಲ್ಟನ್ನು ಹತ್ತು ಸಲ ಜೋರಾಗಿ ಮುಚ್ಚಿ. ದಪ್ಪ ರಬ್ಬರಿನ ಮೇಲೆ ಬಟ್ ಅನ್ನು ಹತ್ತು ಸಲ ಕುಟ್ಟಿ. ಒಂದೇ ಒಂದು ಸಲ ಬೋಲ್ಟಿನ ಹಿಂತುದಿಯ ಕಾಕಿಂಗ್ ಪೀಸ್ ತಾನಾಗಿ ಬಿದ್ದರೂ ಅಂದಿನಿಂದ ಅದಕ್ಕೆ ಕಾಡತೂಸು ತೋರಿಸಬಾರದು. ಉಜ್ಜಿದ ಸಿಯರನ್ನು ಮತ್ತೆ ಉಜ್ಜಿ ಸರಿಮಾಡುತ್ತೇನೆ ಎನ್ನುವವನಿಗೆ ಕೊಡಬೇಡಿ, ಬದಲಿಸಿ.

ಎಲ್ಲವೂ ಸರಿಯಾಗಿದ್ದು ಮೊದಲ ಗುಂಡಿನಿಂದಲೇ ಚದುರಿದರೆ ಆಗ ನಳಿಗೆಗೆ ಬನ್ನಿ. ಹಳೆಯ .303ರಲ್ಲಿ ಶಾವಿಗೆಯ ಎಳೆಗಳಂತಿದ್ದ ಕಾರ್ಡೈಟ್ ಮದ್ದು ಬಹಳ ಬಿಸಿಯಾಗಿ ಉರಿದು ನಳಿಗೆಯ ಗಂಟಲನ್ನು (ಚೇಂಬರಿನ ಮುಂದಿನ ಜಾಗ) ತಿನ್ನುತ್ತಿತ್ತು. ಹಳೆಯ ಪ್ರೈಮರುಗಳು ಬಿಟ್ಟುಹೋಗುವ ಉಪ್ಪು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಹಾಗಾಗಿ ಅಂಥ ಕಾಡತೂಸು ಹಾರಿಸಿದ ದಿನವೇ ಕೊಳವೆಯಿಟ್ಟು ಕುದಿಯುವ ನೀರು ಹಾಯಿಸಿ, ಪುಲ್‌ಥ್ರೂ ಎಂಬ ಹಗ್ಗದಲ್ಲಿ ಒಣ ಚಿಂದಿ ಎಳೆದು, ಕೊನೆಗೆ ಎಣ್ಣೆ ಹಾಕಬೇಕು. ಒಳಗಿನ ಅಳತೆಗೆ ಮೆತ್ತನೆಯ ಸೀಸದ ತುಂಡನ್ನು ಹಾಯಿಸಿ ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಎನ್‌ಫೀಲ್ಡ್‌ನ ಐದು ತೋಡುಗಳ (ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ) ನಳಿಗೆಯಾದರೆ ಒಂದು ತೋಡಿನ ಎದುರಿಗೆ ಇನ್ನೊಂದು ತೋಡು ಬರುವುದಿಲ್ಲ. ಸಾಮಾನ್ಯ ಮೈಕ್ರೋಮೀಟರ್ ತಪ್ಪು ಲೆಕ್ಕ ಹೇಳುತ್ತದೆ. ಮೂರು ಕಡೆಯಿಂದ ಹಿಡಿಯುವ ವಿ-ಆಕಾರದ ಉಪಕರಣ ಇರುವವರಲ್ಲೇ ಅಳೆಸಿ.

ಕಾಕಾನ ನಳಿಗೆಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ದುರಸ್ತಿಗಾರರು ಎರಡೂ ಆನಿಕೆಗಳ ಕೊಳೆತ ಮರವನ್ನು ಕೆತ್ತಿ ತೆಗೆದು, ಒಣಗಿದ ಅಕ್ರೋಟು ಮರದ ತುಂಡುಗಳನ್ನು ಅಂಟಿಸಿ, ಕಾಡಿಗೆ ಹಚ್ಚಿ ನೋಡುತ್ತಾ ನೋಡುತ್ತಾ ಕೂರಿಸಿದರು. ಕೊಳವೆಯನ್ನು ಕೂದಲೆಳೆಯಷ್ಟು ತಗ್ಗಿಸಿದರು. ಮುಂದಿನ ಹುಣಸೆ ಬೀಜದ ಗಾತ್ರದ ಚುಕ್ಕೆಯನ್ನು ಕೆರೆದು, ಕತ್ತರಿಸಿದ ತುದಿಗೆ ಅಗಸೆ ಎಣ್ಣೆ ಉಣಿಸಿದರು. ಮೂರು ದಿನದ ಕೆಲಸ.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ರೇಂಜಿಗೆ ಹೋದೆವು. ಐದು ಗುಂಡುಗಳು ಬಸಿಯೊಳಗೆ. ಕಾಕಾ ಏನೂ ಮಾತಾಡದೆ ಇನ್ನೆರಡು ತುಂಬಿದರು. ಆರನೆಯದೂ ಏಳನೆಯದೂ ಎರಡು ಬೆರಳು ಮೇಲಕ್ಕೆ ಹೋದವು. ಅದು ತೆಳು ನಳಿಗೆಯ ಪ್ರಕೃತಿ, ಮರದಿಂದ ತೀರುವಂಥದ್ದಲ್ಲ. ಈಗ ಅವರು ಐದು ಹಾರಿಸಿ, ಬೋಲ್ಟ್ ತೆರೆದಿಟ್ಟು, ನಳಿಗೆಯನ್ನು ಅಂಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕಾಯುತ್ತಾರೆ; ಆ ಹೊತ್ತಿನಲ್ಲಿ ಗುಂಡು ಬಿದ್ದ ಜಾಗಗಳನ್ನು ಸರತಿಯ ಸಂಖ್ಯೆಯೊಂದಿಗೆ ವಹಿಯಲ್ಲಿ ಗುರುತಿಸಿಕೊಳ್ಳುತ್ತಾರೆ.